ಬ್ಯಾಂಡ್ ಮೇಷ್ಟ್ರ ಮೂಗು

ಅಂದಿನ ರಾಮಾಯಣಕ್ಕೆಲ್ಲ ಕಾರಣ ಒಂದು ಮೂಗು. ಅದೂ ಉಸಿರಾಡುವ ಮೂಗಲ್ಲ, ಕಲ್ಲಿನದು.

ಪಿಯೆತ್ರಾಲೂನಾ ಇಟಲಿಯ ಒಂದು ಬೆಟ್ಟದ ಬುಡದ ಊರು. ಬೆಟ್ಟವೆಲ್ಲ ಅಮೃತಶಿಲೆ. ತಲೆತಲಾಂತರದಿಂದ ಕೊರೆದರೂ ಮುಗಿದಿಲ್ಲ. ಊರಿನ ಗಾಳಿಯಲ್ಲಿ ಸದಾ ಬಿಳಿ ಪುಡಿ ತೇಲುತ್ತಿರುತ್ತದೆ. ಅಂಜೂರದ ಎಲೆ, ಬೆಕ್ಕಿನ ಬೆನ್ನು, ಪಾದ್ರಿಗಳ ಕರಿ ನಿಲುವಂಗಿ, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ತೆಳುವಾದ ಒಂದು ಪದರ. ಬೇಸಿಗೆಯ ಬೆಳಗಿನ ಬಿಸಿಲು ಆ ಪುಡಿಗೆ ತಾಗಿದರೆ ಊರು ಇನ್ನೂ ಎದ್ದೇ ಇಲ್ಲವೇನೋ, ಯಾರೋ ಕಾಣುತ್ತಿರುವ ಕನಸಿನೊಳಗೆ ಮಗ್ಗುಲು ಬದಲಿಸುತ್ತಿದೆಯೇನೋ ಎನಿಸುತ್ತದೆ.

ಆ ಊರಿನ ಉಬಾಲ್ದೊ ಮೂವತ್ತು ವರ್ಷ ಫೋಸ್ಕೊ ಮೇಸ್ತ್ರಿಯ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರ ಶಿಲ್ಪಗಳ ನಕಲು ಕೆತ್ತಿದವನು. ವಿದೇಶದ ತೋಟಗಳಿಗೆ ಮೊಳದುದ್ದದ ದಾವೀದರು, ಹೋಟೆಲುಗಳ ಕಾರಂಜಿಗೆ ಕೈಯಿಲ್ಲದ ವೀನಸ್ಸುಗಳು. ಮೈಕೆಲ್ಯಾಂಜೆಲೊ ಕೆತ್ತಿದ ಮೂಲ ದಾವೀದನ ಬಲಗೈ ಅವನ ಮೈಗೆ ಹೋಲಿಸಿದರೆ ಒಂದಳತೆ ದೊಡ್ಡದು, ಬೆನ್ನಿನ ಬಲಭಾಗದಲ್ಲಿ ಇರಬೇಕಾದ ಒಂದು ಸ್ನಾಯುವೇ ಇಲ್ಲ, ಯಾಕೆಂದರೆ ಆ ಜಾಗದಲ್ಲಿ ಕಲ್ಲೇ ಸಾಲಲಿಲ್ಲ. ಉಬಾಲ್ದೊ ಆ ಕೊರತೆಯನ್ನೂ ತಪ್ಪದೆ ನಕಲು ಮಾಡುತ್ತಿದ್ದ. ಒಮ್ಮೆ ಗಿರಾಕಿಯೊಬ್ಬ ವೀನಸ್ಸಿನ ಪೆಟ್ಟಿಗೆ ಬಿಚ್ಚಿ, 'ಹುಲ್ಲೆಲ್ಲ ಕೆದಕಿ ನೋಡಿದೆ, ಕೈಗಳು ಸಿಗಲಿಲ್ಲ' ಎಂದು ದೂರು ಕೊಟ್ಟಿದ್ದ.

ಸ್ವಂತದ್ದು ಅಂತ ಒಂದು ಶಿಲ್ಪ ಕೆತ್ತಬೇಕು, ಅದು ಊರ ಚೌಕದಲ್ಲಿ ನಿಲ್ಲಬೇಕು, ಕೆಳಗೆ ತನ್ನ ಹೆಸರಿರಬೇಕು. ಅವನಿಗಿದ್ದ ಆಸೆ ಇದೊಂದೇ. ಅದು ಆ ದಿನ ಸಂಜೆ ಕೈಗೂಡುವುದರಲ್ಲಿತ್ತು. ಊರ ಬ್ಯಾಂಡ್ ಮೇಷ್ಟ್ರು ಅಮೆದೆಯೊ ತೀರಿಕೊಂಡ ಮೇಲೆ ಊರವರು ಅವರ ನಿಂತ ಭಂಗಿಯ ಪ್ರತಿಮೆ ಮಾಡಿಸಲು ಹೊರಟಿದ್ದರು. ಫೋಸ್ಕೊ ಮೇಸ್ತ್ರಿಗೆ ಉಳಿ ಎತ್ತುವ ವಯಸ್ಸು ದಾಟಿತ್ತು. ಕೆಲಸ ಉಬಾಲ್ದೊನ ಪಾಲಿಗೆ ಬಂತು. ಈಗ ಪ್ರತಿಮೆ ಚೌಕದ ನಡುವೆ, ಚಿನಾರ್ ಮರದ ನೆರಳಲ್ಲಿ, ಬಿಳಿ ಬಟ್ಟೆ ಹೊದ್ದು ನಿಂತಿತ್ತು. ಪೀಠದ ಮೇಲೆ ಎರಡೇ ಹೆಸರು: ಮೇಲೆ ಅಮೆದೆಯೊ, ಕೆಳಗೆ ಉಬಾಲ್ದೊ.

ಅಮೆದೆಯೊ ಮೇಷ್ಟ್ರ ಮೂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೀದಿಯ ತಿರುವಿನಲ್ಲಿ ಮೊದಲು ಮೂಗು ಬರುತ್ತಿತ್ತು, ಹಿಂದೆ ಮೇಷ್ಟ್ರು ಬರುತ್ತಿದ್ದರು. ಮಳೆಗಾಲದಲ್ಲಿ ಅವರ ಮೀಸೆ ನೆನೆಯುತ್ತಿರಲಿಲ್ಲ ಎಂದು ಊರವರು ಆಣೆ ಮಾಡಿ ಹೇಳುತ್ತಾರೆ.

ಬೆಳಿಗ್ಗೆ ಉಬಾಲ್ದೊ ಏಣಿ ಹೊತ್ತು ಹೊರಟಾಗ ಫೋಸ್ಕೊ ಮೇಸ್ತ್ರಿ ಕಾರ್ಖಾನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದ.

"ಉಬಾಲ್ದೊ, ಬಾ ಇಲ್ಲಿ," ಎಂದ ಮುದುಕ. "ಇವತ್ತು ನೋಡೋಕೆ ಬರ್ತಾರೆ. ಮೂಗು ದೊಡ್ಡದಾಯ್ತು ಅಂತಾರೆ. ಹಾಗಂದ ತಕ್ಷಣ ನೀನೇನ್ ಮಾಡ್ಬೇಕು ಅಂದ್ರೆ..."

ಅಷ್ಟಕ್ಕೆ ಮುದುಕನ ಗದ್ದ ಎದೆಗೆ ಒರಗಿತು. ನಿದ್ದೆ ಅವನಿಗೆ ಹೀಗೇ ಬರುತ್ತಿತ್ತು, ಸಾಲ ಕೇಳಲು ಬರುವ ನೆಂಟನ ಹಾಗೆ, ಹೇಳದೆ ಕೇಳದೆ.

"ಅರಳುಮರಳು," ಎಂದುಕೊಂಡ ಉಬಾಲ್ದೊ. ಹಿಂದಿನ ಕೋಣೆಯವನಿಗೆ ಗಿರಾಕಿಗಳ ಒಡನಾಟವಿರಲಿಲ್ಲ. ಕೆತ್ತಿಸಿದವರು ಪ್ರತಿಮೆ ನೋಡಲು ಬಂದ ದಿನ ಮೇಸ್ತ್ರಿ ಆಳುಗಳನ್ನೆಲ್ಲ ಬೇಗ ಊಟಕ್ಕೆ ಕಳಿಸುತ್ತಿದ್ದ. ಯಾಕೆಂದು ಉಬಾಲ್ದೊ ಒಮ್ಮೆಯೂ ಕೇಳಿದವನಲ್ಲ. ಬೇಗ ಊಟ ಸಿಕ್ಕರೆ ಯಾರು ತಾನೇ ಕಾರಣ ಕೇಳುತ್ತಾರೆ?

ಮೊದಲು ಬಂದವರು ಮೇಷ್ಟ್ರ ಹೆಂಡತಿ ಎರ್ಸಿಲಿಯಮ್ಮ. ಕಪ್ಪು ಬಟ್ಟೆ, ಕಪ್ಪು ಬೀಸಣಿಗೆ. ಉಬಾಲ್ದೊ ಪ್ರತಿಮೆಯ ಹೊದಿಕೆ ಸರಿಸಿದ. ಎರ್ಸಿಲಿಯಮ್ಮ ಸುತ್ತು ಹಾಕಿದರು, ಕಣ್ಣೊರೆಸಿಕೊಂಡರು, ಗಂಡನ ಕಲ್ಲಿನ ಬೂಟನ್ನು ಸವರಿದರು.

"ಸಂಜೆ ಪಕ್ಕದೂರು ಮೊಂತೆಸೆರ್ರಾದ ಬ್ಯಾಂಡಿನವನು ಬರ್ತಾನೆ, ಆ ಗ್ವಾಲ್ತಿಯೆರೊ. ನಮ್ಮೋರು ಇದ್ದಷ್ಟು ದಿನ ಅವರ ಜೊತೆ ಜಗಳ ಆಡಿದ ಮನುಷ್ಯ. ಅವನ ಹೊಟ್ಟೆ ಉರೀಬೇಕು, ಹಾಗಿದೆ ಕಣಪ್ಪ," ಎಂದರು. ಆಮೇಲೆ ಬೀಸಣಿಗೆ ಮಡಚಿ, ಗಂಟಲು ಸರಿಮಾಡಿಕೊಂಡು, "ಎಲ್ಲಾ ಸರಿ. ಮೂಗು ಮಾತ್ರ ಒಂಚೂರು ದೊಡ್ಡದಾಯ್ತು," ಎಂದರು.

ಉಬಾಲ್ದೊ ಮೂಗನ್ನೂ ಎರ್ಸಿಲಿಯಮ್ಮನನ್ನೂ ಮತ್ತೆ ಮತ್ತೆ ನೋಡಿದ. ಆ ಮೂಗಿಗಾಗಿ ಅವನು ಎರಡು ತಿಂಗಳು ನಿದ್ದೆಗೆಟ್ಟಿದ್ದ. ಆದರೆ ಮರುಗಳಿಗೆಯೇ ತಲೆಯಲ್ಲಿ ದೀಪ ಹೊತ್ತಿತು. ಕಲ್ಲು ಕೆತ್ತುವವರ ನಡುವೆ ಓಡಾಡುವ ಹಳೇ ಕತೆ: ಫ್ಲಾರೆನ್ಸಿನಲ್ಲಿ ದಾವೀದ ಮುಗಿಯುವ ಹೊತ್ತಿಗೆ ಊರಿನ ಮುಖ್ಯಾಧಿಕಾರಿ ಬಂದು, ಮೂಗು ದಪ್ಪವಾಯಿತು ಎಂದನಂತೆ. ಮೈಕೆಲ್ಯಾಂಜೆಲೊ ವಾದ ಮಾಡಲಿಲ್ಲ. ಒಂದು ಕೈಯಲ್ಲಿ ಉಳಿ, ಇನ್ನೊಂದು ಮುಷ್ಟಿಯಲ್ಲಿ ಕಲ್ಲಿನ ಪುಡಿ ಹಿಡಿದು ಮೇಲೆ ಹತ್ತಿದ. ಕೆತ್ತಿದ ಹಾಗೆ ಮಾಡುತ್ತ ಪುಡಿ ಉದುರಿಸಿದ. ಮೂಗನ್ನು ಮುಟ್ಟಲೇ ಇಲ್ಲ. 'ಈಗ ನೋಡಿ' ಎಂದ. 'ಈಗ ಜೀವ ಬಂತು' ಎಂದ ಅಧಿಕಾರಿ. ನಡೆದದ್ದೋ ಕಟ್ಟಿದ್ದೋ ಹೇಳುವುದು ಕಷ್ಟ. ಬರೆದಿಟ್ಟವರು ನಡೆದು ಎಷ್ಟೋ ವರ್ಷದ ಮೇಲೆ ಬರೆದಿಟ್ಟದ್ದು.

ಉಬಾಲ್ದೊ ಏಣಿ ಹತ್ತಿದ. ಆ ಊರಿನಲ್ಲಿ ಯಾರ ಜೇಬು ಕೊಡವಿದರೂ ಒಂದು ಹಿಡಿ ಅಮೃತಶಿಲೆಯ ಪುಡಿ ಸಿಗುತ್ತದೆ. ಟಣ್ ಟಣ್ ಎಂದು ಸುತ್ತಿಗೆಯಿಂದ ಉಳಿಯ ಹಿಡಿಯನ್ನು ತಟ್ಟಿದ, ಬೆರಳ ಸಂದಿಯಿಂದ ಪುಡಿ ಬಿಟ್ಟ. ಬೆಳಗಿನ ಬಿಸಿಲಿನಲ್ಲಿ ಅದು ಹೊಳೆಯುತ್ತ, ಅವಸರವಿಲ್ಲದೆ ತೇಲುತ್ತ ಎರ್ಸಿಲಿಯಮ್ಮನ ಕಪ್ಪು ಹೆಗಲ ಮೇಲೆ ಇಳಿಯಿತು.

"ಈಗ ಜೀವ ಬಂತು ನೋಡು," ಎಂದರು ಎರ್ಸಿಲಿಯಮ್ಮ.

ಉಬಾಲ್ದೊನಿಗೆ ತಾನು ಭೂಮಿಯಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೇನೆ ಅನಿಸಿತು. ಅವನು ಏಣಿ ಇಳಿಯುವುದರೊಳಗೆ ಎದುರಂಗಡಿಯ ಕ್ಷೌರಿಕ ನೆಲ್ಲೊ ಕತ್ತರಿ ಹಿಡಿದುಕೊಂಡೇ ಬಂದ. ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ಕಾಯುತ್ತಿದ್ದ.

"ಏನಯ್ಯಾ, ನನ್ನ ಬಿಟ್ಟೇ ತೋರಿಸ್ತಾ ಇದೀಯ? ಈ ಮುಖ ನಿನಗಿಂತ ಚೆನ್ನಾಗಿ ನಂಗೊತ್ತು. ವಾರಕ್ಕೆರಡು ಸಲ ಹೆರೆದ ಮುಖ. ಆ ಗ್ವಾಲ್ತಿಯೆರೊನ ಮುಖಾನೂ ಹೆರೆದಿದೀನಿ. ಮೂಗು ಬಿಟ್ರೆ ಇಬ್ರೂ ಅವಳಿ ಮಕ್ಕಳ ಥರ. ಮೇಷ್ಟ್ರ ಮುಂದೆ ಹಾಗನ್ನೋಕಾಗ್ತಿರ್ಲಿಲ್ಲ, ಅಷ್ಟೆ." ನೆಲ್ಲೊ ಒಂದು ಕಣ್ಣು ಮುಚ್ಚಿ ಪ್ರತಿಮೆ ನೋಡಿದ. "ಅಬ್ಬಾ, ಕಿವಿ ಹಿಂದಿನ ಕೂದಲು ಕೂಡ ಸರಿಯಾಗಿದೆ. ಎಲ್ಲಾ ಸರಿ. ಮೂಗು ಮಾತ್ರ ಒಂಚೂರು ದೊಡ್ಡದಾಯ್ತು."

ಉಬಾಲ್ದೊ ಇನ್ನೊಂದು ಜೇಬಿಗೆ ಕೈ ಹಾಕಿದ. ಮತ್ತೆ ಏಣಿ, ಮತ್ತೆ ಟಣ್ ಟಣ್, ಮತ್ತೆ ಪುಡಿ.

"ಈಗ ಜೀವ ಬಂತು ನೋಡು," ಎಂದು ನೆಲ್ಲೊ ತಲೆದೂಗಿ, ಅರ್ಧ ಗಡ್ಡದವನ ಕೂಗಿಗೆ ಓಡಿದ.

ಮಧ್ಯಾಹ್ನ ಹತ್ತಿರವಾದಾಗ ಪಾದ್ರಿ ಡಾನ್ ಇಲಾರಿಯೊ ಚರ್ಚಿನಿಂದ ಇಳಿದು ಬಂದರು. ಓದಿದವರು, ಮಾತು ತುಸು ಉದ್ದ. "ಉಬಾಲ್ದೊ, ಲಂಡನ್ನಿನಲ್ಲಿ ದಾವೀದನ ಅಚ್ಚಿನ ಪ್ರತಿಮೆ ಇದೆಯಲ್ಲ, ಬೆತ್ತಲೆ ಮುಚ್ಚೋಕೆ ಅದಕ್ಕೊಂದು ಸುಣ್ಣಗಾರೆಯ ಎಲೆ ಮಾಡಿಟ್ಟಿದ್ರು ಗೊತ್ತಾ? ರಾಜಮನೆತನದ ಹೆಂಗಸರು ನೋಡೋಕೆ ಬಂದಾಗ ಸಿಕ್ಕಿಸೋದು, ಹೋದ ಮೇಲೆ ತೆಗೆಯೋದು. ನೀನು ಪುಣ್ಯವಂತ, ಮೇಷ್ಟ್ರಿಗೆ ಕೋಟು ಹಾಕಿಸಿದೀಯ." ಅವರು ಕನ್ನಡಕ ಏರಿಸಿ ಮೇಲೆ ನೋಡಿದರು. "ಎಲ್ಲಾ ಸರಿ. ಮೂಗು ಮಾತ್ರ..."

"ಒಂಚೂರು ದೊಡ್ಡದಾಯ್ತು," ಎಂದು ಉಬಾಲ್ದೊನೇ ಮುಗಿಸಿದ.

"ನೋಡಿದ್ಯಾ, ನಿನಗೂ ಗೊತ್ತು," ಎಂದು ಡಾನ್ ಇಲಾರಿಯೊ ಸಂತೋಷಪಟ್ಟರು.

ಈ ಸಲ ಜೇಬುಗಳು ಖಾಲಿ. ಹುಡುಕಿದರೆ ಅಂಗಿಯ ಒಳಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಹೆಂಡತಿ ದೆರ್ನಾ ಮಧ್ಯಾಹ್ನದ ಅಡುಗೆಗೆಂದು ತರಿಸಿದ್ದ ತುರಿದ ಕುರಿಹಾಲಿನ ಚೀಸು. ಬಣ್ಣ ಹೆಚ್ಚುಕಡಿಮೆ ಅದೇ. ಉಬಾಲ್ದೊ ದೇವರ ಮೇಲೆ ಭಾರ ಹಾಕಿ ಅದನ್ನೇ ಉದುರಿಸಿದ. ಒಂದಿಷ್ಟು ಪಾದ್ರಿಗಳ ಮುಖದ ಮೇಲೆ ಬಿತ್ತು. ಅವರು ತುಟಿಯನ್ನು ಸವರಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದರು. ಇನ್ನೊಮ್ಮೆ ಸವರಿಕೊಂಡರು.

"ಈಗ ಜೀವ ಬಂತು ನೋಡು," ಎಂದರು. "ರುಚಿಯೂ ಬಂತು." ಎಲ್ಲಿಂದಲೋ ಬಂದ ನಾಯಿಯೊಂದು ಮೇಷ್ಟ್ರ ಬೂಟು ನೆಕ್ಕತೊಡಗಿತ್ತು.

ಮನೆಯಲ್ಲಿ ದೆರ್ನಾ ಚೀಸಿಲ್ಲದ ಸೇವಿಗೆ ಬಡಿಸುತ್ತ ಕೇಳಿದಳು, "ಎಲ್ಲಿ ಪೊಟ್ಟಣ?"

"ಪಾದ್ರಿಗಳ ಮೇಲೆ ಹಾಕಿದೆ."

"ಹೂಂ, ನೀನು ಮದುವೆ ದಿನಾನೂ ಹೀಗೇ ಮಾತಾಡಿದ್ದೆ," ಎಂದಳು ದೆರ್ನಾ. "ಬಂದವರೆಲ್ಲ ಮೂಗು ಅಂದ್ರಾ?"

"ಅಂದ್ರು."

"ಸರಿ ಬಿಡು. ಒಳ್ಳೇದಾಯ್ತು." ಅವಳು ಇನ್ನೊಂದು ತುಂಡು ಚೀಸು ತುರಿಯಲು ಕೂತಳು.

ಒಳ್ಳೆಯದೇನಾಯಿತು ಎಂದು ಉಬಾಲ್ದೊನಿಗೆ ತಿಳಿಯಲಿಲ್ಲ. ಗೆದ್ದ ಸಂತೋಷ ಊಟದ ಜೊತೆ ಇಳಿದುಹೋಗಿ, ಆ ಜಾಗದಲ್ಲಿ ಬೇರೇನೋ ಕೂತಿತ್ತು. ಮೇಷ್ಟ್ರ ಮುಖದ ಜೊತೆ ಮಲಗಿ ಎದ್ದ ಹೆಂಡತಿ, ಅದನ್ನು ಹೆರೆದ ಕ್ಷೌರಿಕ, ಅದರ ತಪ್ಪೊಪ್ಪಿಗೆ ಕೇಳಿದ ಪಾದ್ರಿ. ಒಬ್ಬರನ್ನೊಬ್ಬರು ಕೇಳದೆ ಮೂವರೂ ಒಂದೇ ಮಾತು ಹೇಳಿದ್ದಾರೆ. ಪುಡಿ ಉದುರಿಸಿ ಅವರ ಕಣ್ಣು ಕಟ್ಟಿದ್ದಾಯಿತು. ಆದರೆ ನಾಳೆ? ಪುಡಿ ಗಾಳಿಗೆ ಹೋಗುತ್ತದೆ, ಮೂಗು ನೂರಾರು ವರ್ಷ ನಿಲ್ಲುತ್ತದೆ, ಕೆಳಗೆ ತನ್ನ ಹೆಸರು ಇರುತ್ತದೆ. 'ಮೂಗು ದೊಡ್ಡದು ಮಾಡಿದ ಉಬಾಲ್ದೊ.' ಮೊಮ್ಮಕ್ಕಳು ಊರು ಬಿಡಬೇಕಾಗುತ್ತದೆ.

ಮಧ್ಯಾಹ್ನದ ಬಿಸಿಲಿಗೆ ಪಿಯೆತ್ರಾಲೂನಾ ಕದ ಮುಚ್ಚಿಕೊಂಡು ಮಲಗುತ್ತದೆ. ಗಣಿಯ ಸದ್ದಿಲ್ಲ, ಚರ್ಚಿನ ಪಾರಿವಾಳ ಕೂಡ ಮಾತಾಡುವುದಿಲ್ಲ. ಉಬಾಲ್ದೊ ಉಳಿ ಸುತ್ತಿಗೆ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಚೌಕಕ್ಕೆ ಬಂದು, ಏಣಿ ಇಟ್ಟು, ಪ್ರತಿಮೆಯ ಬಟ್ಟೆಯೊಳಗೆ ತೂರಿಕೊಂಡ.

ಒಳಗೆ ಬೇರೆಯೇ ಲೋಕ. ಬಿಸಿಲು ಬಿಳಿ ಬಟ್ಟೆಯಲ್ಲಿ ಸೋಸಿ ಹಾಲಿನಂತೆ ಇಳಿಯುತ್ತಿತ್ತು. ಕಲ್ಲಿನ ಮುಖ, ಬಟ್ಟೆ, ಉಬಾಲ್ದೊನ ಕೈ, ಎಲ್ಲವೂ ಒಂದೇ ಬಿಳುಪು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ತಿಳಿಯದು. ಏಣಿಯ ಮೇಲೆ, ಮೇಷ್ಟ್ರ ಮುಖಕ್ಕೆ ಮುಖ ಕೊಟ್ಟು, ಅವನು ನೋಡುತ್ತ ನಿಂತ. ಗಾಳಿಗೆ ಬಟ್ಟೆ ಉಬ್ಬಿ ಇಳಿಯುತ್ತಿತ್ತು, ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ. ರೆಪ್ಪೆ ಭಾರವಾಯಿತು. ಹಣೆ ಮೇಷ್ಟ್ರ ತಣ್ಣನೆಯ ಹಣೆಗೆ ಒರಗಿತು.

"ಬೆಳಿಗ್ಗೆಯಿಂದ ಮೂರು ಸಲ ಮೇಲೆ ಬಂದೆ," ಎಂದರು ಮೇಷ್ಟ್ರು ಮೆಲ್ಲಗೆ. "ಒಂದು ಸಲಾನಾದ್ರೂ ನನ್ನ ಕೇಳಿದ್ಯಾ?"

"ದೊಡ್ಡದಾಯ್ತಾ ಮೇಷ್ಟ್ರೇ?"

"ನಾನು ಯಾವತ್ತು ನನ್ನ ಮೂಗು ನೋಡಿದೀನೋ? ಅದು ಯಾವಾಗ್ಲೂ ನಾನು ನೋಡೋ ವಸ್ತುವಿಗೆ ಅಡ್ಡ ಇರ್ತಿತ್ತು." ಅವರು ಬ್ಯಾಂಡ್ ನಡೆಸುವ ಕಲ್ಲಿನ ಕೋಲೆತ್ತಿದರು. ಎಲ್ಲೋ ಬ್ಯಾಂಡು ಶುರುವಾಯಿತು, ನೀರಿನೊಳಗಿನಿಂದ ಕೇಳಿಸಿದಂತೆ. ಅದರ ತಾಳಕ್ಕೆ ಉಬಾಲ್ದೊನ ಕೈ ಆಡಿತು. ಟಣ್, ಟಣ್, ಟಣ್. ಕಲ್ಲು ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು.

ಎಚ್ಚರಾದಾಗ ಬ್ಯಾಂಡು ನಿಜವಾಗಿಯೂ ಬಾರಿಸುತ್ತಿತ್ತು, ಚೌಕದ ಆಚೆ ತುದಿಯಲ್ಲಿ. ಬಟ್ಟೆಯೊಳಗೆ ಬೆಳಕು ಜೇನುಬಣ್ಣಕ್ಕೆ ತಿರುಗಿತ್ತು. ಉಬಾಲ್ದೊ ಗಾಬರಿಯಿಂದ ಏಣಿ ಇಳಿದು, ಅದನ್ನೆತ್ತಿಕೊಂಡು ಮರದ ಹಿಂದೆ ಸರಿದ. ಕೆತ್ತಿದ್ದು ಕನಸಿನಲ್ಲೋ ನಿಜದಲ್ಲೋ? ಕನಸೇ ಇರಬೇಕು. ಕಲ್ಲು ಎಲ್ಲಾದರೂ ಬೆಣ್ಣೆಯಾಗುತ್ತದೆಯೇ? ಸಮಾಧಾನದಿಂದ ಜೇಬಿಗೆ ಕೈ ಹಾಕಿದ. ಬೆರಳಿಗೆ ಬಾದಾಮಿಯಷ್ಟು ದೊಡ್ಡ ಒಂದು ಚಕ್ಕೆ ಸಿಕ್ಕಿತು. ತಣ್ಣಗಿತ್ತು.

ಅಷ್ಟರಲ್ಲಿ ಊರು ಬಂದು ತುಂಬಿತ್ತು. ಡಾನ್ ಇಲಾರಿಯೊ ಪವಿತ್ರ ನೀರು ಚಿಮುಕಿಸಿದರು. ಮೊಂತೆಸೆರ್ರಾದ ಗ್ವಾಲ್ತಿಯೆರೊ ಬಂಗಾರದ ಗುಂಡಿಯ ಕೋಟು ತೊಟ್ಟು, ಬೇಕೆಂದೇ ಮುಖ ಗಂಟಿಕ್ಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದ. ಫೋಸ್ಕೊ ಮೇಸ್ತ್ರಿಯನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. ಎರ್ಸಿಲಿಯಮ್ಮ ಹಗ್ಗ ಎಳೆದರು. ಬಟ್ಟೆ ಜಾರಿತು.

ಚಪ್ಪಾಳೆಗೆಂದು ಎತ್ತಿದ ಕೈಗಳು ಅರ್ಧದಲ್ಲೇ ನಿಂತವು.

ಮೂಗು ನಾಜೂಕಾಗಿತ್ತು. ಬಾದಾಮಿಯಷ್ಟೇ ಹೋಗಿದ್ದು, ಆದರೆ ಹೋಗಬಾರದ ಜಾಗದಲ್ಲಿ. ಸಂಜೆಯ ಬೆಳಕಿನಲ್ಲಿ ಅದು ಯಾವ ಶಿಲ್ಪಿಗೂ ಹೆಮ್ಮೆ ತರುವಂಥ, ಎಲ್ಲರ ಮುಖಕ್ಕೂ ಒಪ್ಪುವಂಥ, ಅಮೆದೆಯೊ ಮೇಷ್ಟ್ರದ್ದು ಮಾತ್ರ ಅಲ್ಲದ ಮೂಗು.

"ಯಾರಿದು?" ಎಂದರು ಎರ್ಸಿಲಿಯಮ್ಮ.

"ಬೆಳಿಗ್ಗೆ ಸರಿಯಾಗಿತ್ತಲ್ಲೋ!" ಎಂದು ನೆಲ್ಲೊ ಕಿರುಚಿದ.

"ನೀವೇ ತಾನೇ ದೊಡ್ಡದಾಯ್ತು ಅಂದಿದ್ದು!" ಎಂದ ಉಬಾಲ್ದೊ. ಅವನ ದನಿ ಅವನಿಗೇ ದೂರದಿಂದ ಕೇಳಿಸಿತು.

"ಅನ್ನದೇ ಇರ್ತಾರೇನೋ?" ಎರ್ಸಿಲಿಯಮ್ಮ ಬೀಸಣಿಗೆಯಿಂದ ಅವನ ಎದೆಗೆ ತಿವಿದರು. "ನಮ್ಮೂರಲ್ಲಿ ಹೊಸ ಪ್ರತಿಮೆ ನೋಡಿ ಮೂಗು ದೊಡ್ಡದು ಅನ್ನದೇ ಯಾರಾದ್ರೂ ಹೋಗಿದಾರಾ? ಅನ್ನದಿದ್ರೆ ದೃಷ್ಟಿ ಆಗತ್ತೆ! ನಮ್ಮಜ್ಜಿ ಕಾಲದಿಂದ್ಲೂ ಇದೇ. ಫ್ಲಾರೆನ್ಸಿನಲ್ಲಿ ಅವತ್ತು ಒಬ್ಬ ಅಂದಿದ್ದಕ್ಕೇ ಆ ದಾವೀದ ಇವತ್ತಿಗೂ ನಿಂತಿರೋದು."

"ಒಂದು ಸಲ ಗಲಾಟೇಲಿ ಕಿಟಕಿಯಿಂದ ಬೆಂಚು ಬಿದ್ದು ದಾವೀದನ ಎಡಗೈ ಮೂರು ತುಂಡಾಯ್ತು," ಎಂದು ಡಾನ್ ಇಲಾರಿಯೊ ತಿದ್ದಿದರು. "ಆದ್ರೆ ಮೂಗಿಗೇನೂ ಆಗ್ಲಿಲ್ಲ."

"ಹಾಗಾದ್ರೆ... ನಾನು ಪುಡಿ ಉದುರಿಸಿದ್ದು?"

"ಉದುರಿಸ್ಬೇಕಾದ್ದೇ," ಎಂದ ನೆಲ್ಲೊ. "ನಾವು ದೊಡ್ಡದು ಅನ್ಬೇಕು, ನೀನು ಉದುರಿಸ್ಬೇಕು, ನಾವು ಜೀವ ಬಂತು ಅನ್ಬೇಕು. ಇಡೀ ಊರಿಗೇ ಗೊತ್ತಿರೋ ಶಾಸ್ತ್ರ. ಮೂವತ್ತು ವರ್ಷ ಕಲ್ಲು ಕೆತ್ತಿದೋನಿಗೆ ಇದನ್ನ ಯಾರಾದ್ರೂ ಹೇಳಿಕೊಡ್ತಾರಾ?"

"ಚೀಸು ಉದುರಿಸಿದಾಗ್ಲೂ ನಾನು ಸುಮ್ನಿದ್ದೆ," ಎಂದರು ಡಾನ್ ಇಲಾರಿಯೊ.

ಉಬಾಲ್ದೊ ಹೆಂಡತಿಯ ಕಡೆ ತಿರುಗಿದ. "ನನಗೇನು ಗೊತ್ತು ನಿಂಗೆ ಗೊತ್ತಿಲ್ಲ ಅಂತ?" ಎಂದಳು ದೆರ್ನಾ.

ಗಲಾಟೆಗೆ ಫೋಸ್ಕೊ ಮೇಸ್ತ್ರಿ ಎಚ್ಚೆತ್ತು, ಬೆಳಿಗ್ಗೆ ಬಿಟ್ಟಲ್ಲಿಂದಲೇ ಮುಂದುವರಿಸಿದ: "...ಏಣಿ ಹತ್ತಿ ಒಂದು ಹಿಡಿ ಪುಡಿ ಉದುರಿಸು, ಅಷ್ಟೇ. ಉಳಿ ಮಾತ್ರ ತಾಗಿಸ್ಬೇಡ." ಆಮೇಲೆ ಕಣ್ಣುಜ್ಜಿಕೊಂಡು ಮೇಲೆ ನೋಡಿದ. "ಚೆನ್ನಾಗಿದೆ ಕಣೋ! ಮೊಂತೆಸೆರ್ರಾದ ಗ್ವಾಲ್ತಿಯೆರೊನೇ ನಿಂತ ಹಾಗಿದೆ."

ಊರೆಲ್ಲ ಒಂದೇ ಸಲ ಮುಂದಿನ ಸಾಲಿನ ಕಡೆ ತಿರುಗಿತು, ಆಮೇಲೆ ಪ್ರತಿಮೆಯ ಕಡೆ. ಅದೇ ಹಣೆ, ಅದೇ ಮೀಸೆ, ಈಗ ಅದೇ ಮೂಗು. ಬೆಳಿಗ್ಗೆ ನೆಲ್ಲೊ ಹೇಳಿದ್ದು ಸುಳ್ಳಲ್ಲ.

ಗ್ವಾಲ್ತಿಯೆರೊನ ಗಂಟಿಕ್ಕಿದ ಮುಖ ಬಿಚ್ಚಿಕೊಂಡಿತು. ಅವನು ಪೀಠದ ಹತ್ತಿರ ಬಂದು, ಕನಸಿನಲ್ಲಿ ನಡೆಯುವವನಂತೆ ಕಲ್ಲಿನ ಕೋಟಿನ ಗುಂಡಿ ಮುಟ್ಟಿದ. "ನನಗೆ ಯಾರೂ... ಇಷ್ಟು ವರ್ಷ ನಮ್ಮೂರಲ್ಲಿ ಯಾರೂ..." ಅವನು ಗುಂಡಿಯಿಂದ ಕೈ ತೆಗೆಯಲಿಲ್ಲ. "ಎರ್ಸಿಲಿಯಾ, ಇದನ್ನ ನಮ್ಮೂರಿಗೆ ಕೊಟ್ಬಿಡಿ. ಎತ್ತಿನ ಗಾಡೀಲಾದ್ರೂ ಸರಿ, ಇವತ್ತೇ ತಗೊಂಡು ಹೋಗ್ತೀನಿ."

"ತಗೊಂಡ್ಹೋಗು ಮಹರಾಯಾ! ಈ ಮುಖ ಇಲ್ಲಿ ನಿಂತ್ರೆ ನಾನು ಚರ್ಚಿಗೂ ಬರಲ್ಲ," ಎಂದರು ಎರ್ಸಿಲಿಯಮ್ಮ. ಆಮೇಲೆ ಉಬಾಲ್ದೊನತ್ತ ಬೀಸಣಿಗೆ ತೋರಿಸಿ, "ನೀನು ನಾಳೆಯಿಂದ ನಮ್ಮೋರನ್ನ ಮೊದಲಿಂದ ಕೆತ್ತು," ಎಂದರು.

ಉಬಾಲ್ದೊ ಪೀಠವನ್ನು ನೋಡಿದ. ಅದರ ಮೇಲೆ ತನ್ನ ಹೆಸರು ಸ್ಪಷ್ಟವಾಗಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದರ ಮೇಲೆ ನಿಲ್ಲುವುದು ಗಾಳಿ ಮಾತ್ರ.

"ಬೇಜಾರು ಮಾಡ್ಕೋಬೇಡ," ಎಂದು ಡಾನ್ ಇಲಾರಿಯೊ ಅವನ ಹೆಗಲ ಮೇಲೆ ಕೈಯಿಟ್ಟರು. "ಪ್ಯಾರಿಸ್ಸಿನಲ್ಲಿ ಮೋನಾಲಿಸಾ ಕಳುವಾದಾಗ ಜನ ಖಾಲಿ ಗೋಡೆ ನೋಡೋಕೆ ಸಾಲುಗಟ್ಟಿ ನಿಂತಿದ್ರಂತೆ. ಕದ್ದೋನೂ ನಮ್ಮ ಇಟಲಿಯೋನೇ. ನಿನ್ನ ಖಾಲಿ ಪೀಠಕ್ಕೂ ಜನ ಬರ್ತಾರೆ, ನೋಡ್ತಿರು."

ಹಗ್ಗ ಬಂತು, ಮರದ ತೊಲೆ ಬಂತು, ಮೊಂತೆಸೆರ್ರಾದ ಬ್ಯಾಂಡಿನವರು ಕೋಟು ಕಳಚಿ ತೋಳು ಮಡಚಿದರು. ಗ್ವಾಲ್ತಿಯೆರೊ ಕೊನೆಯ ಸಲ ಪ್ರತಿಮೆಯ ಸುತ್ತ ಬಂದ. ಒಂದು ಕಡೆ ನಿಂತ. ತಲೆ ಓರೆ ಮಾಡಿದ. ಗಂಟಲು ಸರಿಮಾಡಿಕೊಂಡ.

"ಎಲ್ಲಾ ಸರಿ," ಎಂದ. "ಮೂಗು ಮಾತ್ರ ಒಂಚೂರು ದೊಡ್ಡದಾಯ್ತು."

ಉಬಾಲ್ದೊ ಫೋಸ್ಕೊ ಮೇಸ್ತ್ರಿಯ ಕಡೆ ನೋಡಿದ. ಮುದುಕನ ಗದ್ದ ಮತ್ತೆ ಎದೆ ಮೇಲಿತ್ತು.

"ಮೊಂತೆಸೆರ್ರಾದಲ್ಲೂ ಈ ಶಾಸ್ತ್ರ ಇದೆಯಾ?" ಎಂದು ಅವನು ಹೆಂಡತಿಯ ಕಿವಿಯಲ್ಲಿ ಕೇಳಿದ.

"ನನಗೇನು ಗೊತ್ತು? ನಾನು ಈ ಊರೋಳು," ಎಂದಳು ದೆರ್ನಾ. ಆದರೂ ಇರಲಿ ಎಂದು ಹೊಸದಾಗಿ ತುರಿದ ಚೀಸಿನ ಪೊಟ್ಟಣವನ್ನು ಅವನ ಕೈಗಿಟ್ಟಳು.

ಉಬಾಲ್ದೊ ಏಣಿ ಹತ್ತಿದ. ಸಂಜೆಯ ಬೆಳಕಿನಲ್ಲಿ ಬಿಳಿ ಪುಡಿ ಎಲ್ಲೆಲ್ಲೂ ತೇಲುತ್ತಿತ್ತು. ಕೆಳಗೆ ಗ್ವಾಲ್ತಿಯೆರೊ ಮುಖವೆತ್ತಿ ಕಾಯುತ್ತಿದ್ದ, ನಗುತ್ತಿದ್ದನೋ ಇಲ್ಲವೋ ಮೀಸೆಯ ಮರೆಯಲ್ಲಿ ಕಾಣಲಿಲ್ಲ. ಒಂದು ಕೈಯಲ್ಲಿ ಉಳಿ, ಇನ್ನೊಂದು ಕೈಯಲ್ಲಿ ಚೀಸು ಹಿಡಿದು, ಯಾವ ಕೈ ಮುಂದೆ ಮಾಡಬೇಕೆಂದು ತಿಳಿಯದೆ, ಉಬಾಲ್ದೊ ಮೇಲೆ ಕಲ್ಲಾಗಿ ನಿಂತ.